ಇನ್ನೂರು ಬುಷ್‌ಗಳ ಜೊತೆ ತೈವಾನಿಗೆ

ಪೀಣ್ಯದಿಂದ

ಪರದೇಶಕ್ಕೆ ಹೋಗಿಬಂದವರು ಹೊರಡುವ ಹಿಂದಿನ ದಿನಗಳ ಸಂಭ್ರಮವನ್ನು ಬರೆಯುತ್ತಾರೆ. ನನಗಿದ್ದದ್ದು ಮೊಣಕಾಲು ನೋವು. ಐದು ದಿನ ತೈವಾನಿಗೆ ಹೋಗಿಬರಬೇಕು ಎಂದು ನಮ್ಮ ಎಂ.ಡಿ. ಹೇಳಿದಾಗ ನನಗೆ ಮೊದಲು ಹೊಳೆದದ್ದು, ಐದು ದಿನ ಬೆಳಗ್ಗೆ ಎದ್ದು ಡಬ್ಬಿ ಕಟ್ಟುವುದು ತಪ್ಪಿತು ಎಂದು. ಆಮೇಲೆ ಹೊಳೆದದ್ದು, ವಿಮಾನದಲ್ಲಿ ಯಾರೂ ಎಬ್ಬಿಸದೆ ನಿದ್ದೆ ಮಾಡಬಹುದು ಎಂದು.

ನಾನು ಕೆಲಸ ಮಾಡುವುದು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಸ್ಕೂಟರು, ಬೈಕುಗಳಿಗೆ ಬೇಕಾದ ಉಕ್ಕಿನ ಬುಷ್‌ಗಳು ತಯಾರಾಗುತ್ತವೆ. ಬುಷ್ ಎಂದರೆ ಹೆಬ್ಬೆರಳಿನ ಗಾತ್ರದ, ನಡುವೆ ಟೊಳ್ಳಾದ ಒಂದು ತುಂಡು. ಅದರ ಮೇಲೆ ಗೀರು, ತುಕ್ಕು, ತಗ್ಗು ಏನಾದರೂ ಇದೆಯೇ ಎಂದು ನೋಡಿ ಒಳ್ಳೆಯದನ್ನು ಹಸಿರು ಟ್ರೇಗೆ, ಕೆಟ್ಟದ್ದನ್ನು ಕೆಂಪು ಟ್ರೇಗೆ ಹಾಕುವುದು ತಪಾಸಣೆ ವಿಭಾಗದ ಕೆಲಸ. ಆರು ಜನ ಹೆಂಗಸರು ಟ್ಯೂಬ್‌ಲೈಟಿನ ಕೆಳಗೆ ಕೂತು ಬೆಳಗಿಂದ ಸಂಜೆಯವರೆಗೆ ನೋಡುತ್ತಾರೆ. ಅವರನ್ನು ನೋಡಿಕೊಳ್ಳುವುದು ನಾನು. ಇಪ್ಪತ್ತೆರಡು ವರ್ಷವಾಯಿತು.

ಇದರ ನಡುವೆ ವೈಜ್ಞಾನಿಕ ಕಥೆಗಳನ್ನೂ ಬರೆಯುತ್ತೇನೆ. ಎರಡು ಸಂಕಲನ ಬಂದಿವೆ. ಸಭೆಗಳಲ್ಲಿ ಯಾರಾದರೂ ಎದ್ದು, 'ಇಂಥ ಕಲ್ಪನೆಯೆಲ್ಲ ಎಲ್ಲಿಂದ ಬರುತ್ತೆ ಮೇಡಂ?' ಎಂದು ಕೇಳುತ್ತಾರೆ. ಚಿಕ್ಕಂದಿನಲ್ಲಿ ರಾಣೆಬೆನ್ನೂರಿನ ಮಾಳಿಗೆಯ ಮೇಲೆ ಮಲಗಿ ನಕ್ಷತ್ರ ನೋಡುತ್ತಿದ್ದೆ ಎಂದು ಹೇಳಿ ಪಾರಾಗುತ್ತೇನೆ. ಅದು ಸುಳ್ಳು. ಒಂದೊಂದು ಕಥೆಯೂ ಬಂದದ್ದು ಆ ತಪಾಸಣೆ ಮೇಜಿನಿಂದ. ನಮ್ಮ ಪಕ್ಕದಲ್ಲೇ ಲೋಹದ ಹಾಳೆಗಳನ್ನು ಒತ್ತಿ ಕತ್ತರಿಸುವ ಪ್ರೆಸ್ ಶಾಪ್ ಇದೆ. ಅದರ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಕರೆಂಟು ಹೋದ ಕ್ಷಣ ಸದ್ದು ನಿಂತು, ಯಾರದೋ ಮನೆಯ ಗುಟ್ಟು ಇಡೀ ಶೆಡ್ಡಿಗೆ ಕೇಳಿಬಿಡುತ್ತದೆ. ಮೌನಕ್ಕೆ ಹೆದರುವ ಗ್ರಹದ ಕಥೆ ನನಗೆ ಸಿಕ್ಕಿದ್ದು ಹಾಗೆ. ಒಂದು ದಿನ ನಮ್ಮ ಸಲ್ಮಾ, 'ಮನೆಗೆ ಹೋದ್ಮೇಲೂ ಕಣ್ಣು ಡ್ಯೂಟಿ ಬಿಡಲ್ಲ ಮೇಡಂ, ಗಂಡನ ಮುಖದಲ್ಲೂ ಗೀರು ಹುಡುಕ್ತವೆ' ಎಂದು ನಕ್ಕಳು. ಆ ವಾರವೇ ನಾನು ಕಣ್ಣುಗಳನ್ನು ಬಾಡಿಗೆಗೆ ಕೊಡುವ ಹೆಂಗಸೊಬ್ಬಳ ಕಥೆ ಬರೆದೆ. ಅದಕ್ಕೆ ಒಳ್ಳೆಯ ಹೆಸರು ಬಂತು. ಸಲ್ಮಾಗೆ ಇವತ್ತಿಗೂ ಗೊತ್ತಿಲ್ಲ.

ಎರಡು ವರ್ಷದಿಂದ ಏನೂ ಬರೆದಿರಲಿಲ್ಲ. ಯುಗಾದಿ ಸಂಚಿಕೆಯ ಸಂಪಾದಕರು ಮೂರು ಸಲ ಫೋನ್ ಮಾಡಿದ್ದರು. ಮೂರು ಸಲವೂ 'ಕಳಿಸ್ತೀನಿ' ಎಂದಿದ್ದೆ. ಕಣ್ಣು ನೋಡುತ್ತಿತ್ತು, ಕಿವಿ ಕೇಳುತ್ತಿತ್ತು, ಆದರೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಒಂದು ಸಾಲೂ ಉಳಿದಿರುತ್ತಿರಲಿಲ್ಲ.

ಈಗ ಹೋಗಬೇಕಿದ್ದದ್ದು ಒಂದು ಯಂತ್ರವನ್ನು ಪರೀಕ್ಷಿಸಿ ಒಪ್ಪಿಗೆಯ ಸಹಿ ಹಾಕುವುದಕ್ಕೆ. ಕ್ಯಾಮೆರಾಗಳಿಂದ ಬುಷ್‌ಗಳನ್ನು ನೋಡಿ ಒಳ್ಳೆಯದು ಕೆಟ್ಟದ್ದು ಬೇರ್ಪಡಿಸುವ ಯಂತ್ರ. ಪರೀಕ್ಷೆಗೆ ಇಲ್ಲಿಂದಲೇ ನೂರು ಒಳ್ಳೆಯ, ನೂರು ಕೆಟ್ಟ ಬುಷ್ ಒಯ್ಯಬೇಕು. ಅವನ್ನು ಸರಿಯಾಗಿ ಆರಿಸಬಲ್ಲವರು ನಮ್ಮಲ್ಲಿ ಒಬ್ಬರೇ, ರತ್ನಮ್ಮ. ಐವತ್ತು ದಾಟಿದವರು, ಅಲ್ಲೇ ಹತ್ತಿರದ ಹಳ್ಳಿಯವರು. ಆ ಹಳ್ಳಿ ಈಗ ಹಳ್ಳಿಯಾಗಿ ಉಳಿದಿಲ್ಲ. ಅವರ ಮನೆಯ ಹಿಂದೆ ನಾಲ್ಕು ಬಾಡಿಗೆ ಮನೆಗಳಿವೆ. ಸುಮ್ಮನೆ ಕೂತು ತಿನ್ನಬಹುದು. 'ಕುಂತ್ರೆ ಮೂಳೆ ಇಡ್ಕತವೆ' ಎಂದು ಕೆಲಸಕ್ಕೆ ಬರುತ್ತಾರೆ. ಅವರ ಕೈ ದಾಟಿದ ಬುಷ್ ಯಾವತ್ತೂ ವಾಪಸು ಬಂದಿಲ್ಲ.

"ಯಾತಕ್ಕೆ ಮೇಡಂ ಇಷ್ಟೊಂದು?" ಎಂದು ಕೇಳಿದರು.

"ಕಸ್ಟಮರ್ ಆಡಿಟ್ ಇದೆ ರತ್ನಮ್ಮ," ಎಂದೆ.

ಅವರು ಎರಡು ದಿನ ಕೂತು, ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿಕೊಟ್ಟರು. ಕೆಟ್ಟದ್ದರಲ್ಲಿ ಯಾವುದಕ್ಕೆ ಏನು ತಪ್ಪು ಎಂದು ಹೇಳುತ್ತಾ ಹೋದರು. ನಾನು ನಂಬರು ಹಾಕಿ ಬರೆದುಕೊಂಡೆ.

ತಾವ್ಯುವಾನ್ ವಿಮಾನ ನಿಲ್ದಾಣ

ವಿಮಾನದಲ್ಲಿ ನಿದ್ದೆ ಬರಲಿಲ್ಲ. ಇಳಿದಾಗ ಪಾದ ಊದಿ, ಬೂಟು ಬೇರೆ ಯಾರದೋ ಅನ್ನಿಸುತ್ತಿತ್ತು.

ಕಸ್ಟಮ್ಸಿನಲ್ಲಿ ನನ್ನ ಪೆಟ್ಟಿಗೆ ತೆಗೆಸಿದರು. ಮೇಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿಗಳು ಎಲ್ಲೋ ದಾರಿಯಲ್ಲಿ ಪುಡಿಪುಡಿಯಾಗಿದ್ದವು. ಅಧಿಕಾರಿ ಕೈಗವಸು ಹಾಕಿಕೊಂಡು ಒಂದು ಚೂರು ಎತ್ತಿ ನೋಡಿ, ಬಹಳ ಗೌರವದಿಂದ ಮತ್ತೆ ಇಟ್ಟರು. ಕೆಳಗೆ ಇನ್ನೂರು ಬುಷ್.

"ಇವು ಏನು?" ಇಂಗ್ಲಿಷಿನಲ್ಲಿ ಕೇಳಿದರು.

"ನೂರು ಒಳ್ಳೆಯವು, ನೂರು ಕೆಟ್ಟವು," ಎಂದೆ. ದಣಿದವರಿಗೆ ಸುತ್ತಿಬಳಸಿ ಹೇಳುವ ಶಕ್ತಿ ಇರುವುದಿಲ್ಲ.

ಅವರು ಎರಡೂ ಡಬ್ಬಿಯಿಂದ ಒಂದೊಂದು ತೆಗೆದು ದೀಪಕ್ಕೆ ಹಿಡಿದರು, ತಿರುಗಿಸಿದರು. ಪಕ್ಕದವರನ್ನು ಕರೆದು ತೋರಿಸಿದರು. ಇಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ. ಕೆಟ್ಟದ್ದರ ಅಂಚಿನ ಮೇಲೆ ಅವರ ಬೆರಳನ್ನು ನಿಧಾನವಾಗಿ ಆಡಿಸಲು ಹೇಳಿದೆ. ಕೂದಲಿಗಿಂತ ಸಣ್ಣದಾಗಿ ಎದ್ದ ಲೋಹ ಬೆರಳಿಗೆ ತಗುಲಿದಾಗ ಅವರ ಹುಬ್ಬು ಮೇಲೇರಿತು. ಹಿಂದಿನ ಸಾಲಿನವರು ಕಾಯುತ್ತಿದ್ದರೂ ಇಬ್ಬರೂ ಸರದಿಯ ಮೇಲೆ ಬೆರಳು ಆಡಿಸಿ ನೋಡಿದರು. ಕೊನೆಗೆ ಪೆಟ್ಟಿಗೆ ಮುಚ್ಚಿ ನನಗೆ ತಲೆಬಾಗಿದರು. ಆ ನಮಸ್ಕಾರ ನಿಜವಾಗಿ ರತ್ನಮ್ಮನಿಗೆ ಸಲ್ಲಬೇಕಾದದ್ದು.

ತೈಚುಂಗ್, ನಾಲ್ಕನೇ ಮಹಡಿ ಇಲ್ಲದ ಹೋಟೆಲು

ರೈಲಿನಲ್ಲಿ ತೈಚುಂಗ್ ಎಂಬ ಊರಿಗೆ ಬಂದೆ. ಪೀಣ್ಯವನ್ನು ತೊಳೆದು, ಒರೆಸಿ, ರಸ್ತೆಗಳನ್ನು ನೆಟ್ಟಗೆ ಮಾಡಿದರೆ ಹೇಗಿರಬಹುದೋ ಹಾಗಿದೆ. ಸಂದಿಗೊಂದಿಗಳಲ್ಲಿ ಸಣ್ಣ ಸಣ್ಣ ಶೆಡ್ಡುಗಳು, ಒಳಗೆ ಲೇತ್ ತಿರುಗುವ ಸದ್ದು, ಕೂಲೆಂಟ್ ಎಣ್ಣೆಯ ಅದೇ ವಾಸನೆ. ಸಿಗ್ನಲ್ ಬಿಟ್ಟಾಗ ನೂರಾರು ಸ್ಕೂಟರುಗಳು ಒಟ್ಟಿಗೆ ಹೊರಡುತ್ತವೆ, ಆದರೆ ಒಂದೂ ಹಾರನ್ ಹೊಡೆಯುವುದಿಲ್ಲ. ಕಿವಿ ಮುಚ್ಚಿಕೊಂಡು ಜಾಲಹಳ್ಳಿ ಕ್ರಾಸ್ ದಾಟಿದಂತೆ ಅನ್ನಿಸಿತು.

ಹೋಟೆಲಿನ ಲಿಫ್ಟಿನಲ್ಲಿ ಮೂರರ ಮೇಲೆ ನೇರವಾಗಿ ಐದು ಇತ್ತು. ನಾಲ್ಕರ ಗುಂಡಿಯೇ ಇಲ್ಲ. ಕೇಳಿದರೆ, ಅವರ ಭಾಷೆಯಲ್ಲಿ ನಾಲ್ಕು ಮತ್ತು ಸಾವು ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವಂತೆ. ಐದನೇ ಮಹಡಿಯ ಕೋಣೆಯಲ್ಲಿ ಕೂತು ರೊಟ್ಟಿಯ ಪುಡಿಗೆ ಚಟ್ನಿ ಕಲಸಿ ತಿನ್ನುತ್ತಾ ಆ ಮಹಡಿಯ ಬಗ್ಗೆ ಯೋಚಿಸಿದೆ. ಮೊದಲಾಗಿದ್ದರೆ ಇಷ್ಟೊತ್ತಿಗೆ ಅಲ್ಲಿ ಯಾರು ವಾಸಿಸುತ್ತಾರೆ, ಅವರ ಪೋಸ್ಟು ಎಲ್ಲಿಗೆ ಬರುತ್ತದೆ ಎಂದೆಲ್ಲ ಬರೆದುಕೊಂಡಿರುತ್ತಿದ್ದೆ. ಪುಸ್ತಕ ತೆಗೆದೆ. 'ನಾಲ್ಕನೇ ಮಹಡಿ ಇಲ್ಲ' ಎಂದು ಬರೆದೆ. ಮುಂದೆ ಏನೂ ಬರಲಿಲ್ಲ. ಕೈ ತೊಳೆದು ಮಲಗಿದೆ.

ಮೊದಲ ದಿನ: ಹೇಳಿದ ಮಾತು ಕೇಳುವ ಯಂತ್ರ

ಕಾರ್ಖಾನೆಯಲ್ಲಿ ನನ್ನನ್ನು ಎದುರುಗೊಂಡವರು ಇಬ್ಬರು. ಒಬ್ಬರು ಚೆನ್, ಮಾರಾಟ ವಿಭಾಗದ ಎಂಜಿನಿಯರ್, ಇಂಗ್ಲಿಷ್ ಬಲ್ಲವರು. ಇನ್ನೊಬ್ಬರು ಷುಫೆನ್, ನನ್ನದೇ ವಯಸ್ಸಿನ ಹೆಂಗಸು, ದಪ್ಪ ಕನ್ನಡಕ. ಅವರಿಗೆ ಇಂಗ್ಲಿಷ್ ಬಾರದು. ಯಂತ್ರಕ್ಕೆ ಕಲಿಸುವುದು ಅವರ ಕೆಲಸ ಎಂದರು ಚೆನ್. ಇದು ಗೀರು, ಇದು ಬರೀ ನೆರಳು, ಇದು ಎಣ್ಣೆಯ ಕಲೆ ಎಂದು ಸಾವಿರಾರು ಚಿತ್ರಗಳಿಗೆ ಗುರುತು ಹಾಕಿ ಹಾಕಿ ಅದಕ್ಕೆ ನೋಡುವುದನ್ನು ಕಲಿಸುತ್ತಾರೆ.

ಯಂತ್ರ ಇಷ್ಟೇ: ಗಾಜಿನ ಒಂದು ತಟ್ಟೆ ತಿರುಗುತ್ತದೆ, ಅದರ ಮೇಲೆ ಬುಷ್‌ಗಳು ಒಂದರ ಹಿಂದೊಂದು ಮೆರವಣಿಗೆ ಹೋಗುತ್ತವೆ, ಸುತ್ತಲಿನ ಕ್ಯಾಮೆರಾಗಳು ನೋಡುತ್ತವೆ, ಕೆಟ್ಟದ್ದು ಬಂದಾಗ ಟುಸ್ ಎಂದು ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ನಮ್ಮ ಆರು ಜನ ಒಂದು ದಿನಕ್ಕೆ ನೋಡುವುದನ್ನು ಅದು ಊಟದ ಹೊತ್ತಿನೊಳಗೆ ಮುಗಿಸುತ್ತದೆ.

ಅದರ ನೆತ್ತಿಯ ಮೇಲೆ ಕುರುಕಲು ತಿಂಡಿಯ ಹಸಿರು ಪೊಟ್ಟಣವೊಂದು ಕೂತಿತ್ತು. ಯಾರೋ ಮರೆತಿದ್ದಾರೆಂದು ಎತ್ತಲು ಹೋದೆ. ಷುಫೆನ್ ಓಡಿಬಂದು ನನ್ನ ಕೈ ಹಿಡಿದರು. ಚೆನ್ ನಕ್ಕು ವಿವರಿಸಿದರು. ಆ ತಿಂಡಿಯ ಹೆಸರಿನ ಅರ್ಥ 'ಜಾಣಮರಿ, ಹೇಳಿದ ಮಾತು ಕೇಳು' ಎಂದಾಗುತ್ತದಂತೆ. ಅದನ್ನು ಮೇಲಿಟ್ಟರೆ ಯಂತ್ರ ಹಟ ಮಾಡುವುದಿಲ್ಲ. ಹಸಿರೇ ಆಗಬೇಕು, ಬೇರೆ ಬಣ್ಣ ಕೂಡದು. ಅವಧಿ ಮುಗಿಯುವ ಮೊದಲು ಬದಲಿಸಬೇಕು. ಅಲ್ಲಿದ್ದ ಪ್ರತಿ ಯಂತ್ರದ ಮೇಲೂ ಒಂದೊಂದು ಇತ್ತು. ನಮ್ಮಲ್ಲಿ ಆಯುಧಪೂಜೆಗೆ ಲೇತಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಂಪ್ರೆಸರಿನ ಕೆಳಗೆ ನಿಂಬೆಹಣ್ಣು ಇಡುತ್ತೇವೆ ಎಂದು ಹೇಳಿದೆ. ಷುಫೆನ್ ಗಂಭೀರವಾಗಿ ತಲೆಯಾಡಿಸಿ, ಎಷ್ಟು ದಿನಕ್ಕೊಮ್ಮೆ ನಿಂಬೆಹಣ್ಣು ಬದಲಿಸುತ್ತೀರಿ ಎಂದು ಚೆನ್ ಮೂಲಕ ಕೇಳಿದರು.

ಮಧ್ಯಾಹ್ನ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು. ಎಲ್ಲರೂ ಮೇಜುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. ನಾನೊಬ್ಬಳು ನಿಂತೇ ಇದ್ದೆ. ಕೆಲವು ಕ್ಷಣದ ನಂತರ ಎಲ್ಲರೂ ಎದ್ದು, ಏನೂ ಆಗದವರಂತೆ ಕೆಲಸಕ್ಕೆ ಹೋದರು. ಭೂಕಂಪ ಎಂದರು ಚೆನ್.

"ನಿಮಗೆ ಗೊತ್ತಾಗಲಿಲ್ಲವೇ? ನೆಲ ಅಲುಗಾಡಿತು."

"ನಮ್ಮಲ್ಲಿ ಪಕ್ಕದ ಪ್ರೆಸ್ ಶಾಪಿನಿಂದ ನೆಲ ದಿನವೂ ಅಲುಗಾಡುತ್ತೆ," ಎಂದೆ.

ಅವರು ಅದನ್ನು ತಮಾಷೆ ಎಂದುಕೊಂಡು ಎಲ್ಲರಿಗೂ ಅನುವಾದಿಸಿ ಹೇಳಿದರು. ಎಲ್ಲರೂ ನಕ್ಕರು. ಇಪ್ಪತ್ತೆರಡು ವರ್ಷ ಭೂಕಂಪದ ಮೇಲೆ ಕೂತೇ ಕೆಲಸ ಮಾಡಿದೆನಲ್ಲ ಎಂದು ನನಗೆ ಮಾತ್ರ ನಗು ಬರಲಿಲ್ಲ.

ಎರಡನೇ ದಿನ: ಅರವತ್ತೊಂದನೇ ಬುಷ್

ಪರೀಕ್ಷೆ. ಮೊದಲು ನೂರು ಒಳ್ಳೆಯ ಬುಷ್ ಸುರಿದರು. ನೂರೂ ಹಸಿರು ಪೆಟ್ಟಿಗೆಗೆ ಹೋದವು. ಆಮೇಲೆ ಕೆಟ್ಟವು. ಟುಸ್, ಟುಸ್, ಟುಸ್. ಕೊನೆಗೆ ಎಣಿಸಿದರೆ ಕೆಂಪು ಪೆಟ್ಟಿಗೆಯಲ್ಲಿ ತೊಂಬತ್ತೊಂಬತ್ತು. ಒಂದು ಹಸಿರಿಗೆ ಹೋಗಿತ್ತು. ನಂಬರು ಅರವತ್ತೊಂದು. ನನ್ನ ಪಟ್ಟಿಯಲ್ಲಿ ಅದರ ಮುಂದೆ 'ಒಳಗಡೆ ಗೀರು' ಎಂದು ಬರೆದಿತ್ತು.

ಮತ್ತೆರಡು ಸಲ ಓಡಿಸಿದರು. ಎರಡು ಸಲವೂ ಯಂತ್ರ ಅದನ್ನು ಒಳ್ಳೆಯದೆಂದಿತು. ಷುಫೆನ್ ಸೂಕ್ಷ್ಮದರ್ಶಕದ ಕೆಳಗೆ ಬಹಳ ಹೊತ್ತು ನೋಡಿ ತಲೆ ಅಲ್ಲಾಡಿಸಿದರು. ನಾನೂ ನೋಡಿದೆ. ಏನೂ ಇರಲಿಲ್ಲ. "ನಿಮ್ಮ ಹೆಂಗಸು ತಪ್ಪು ಮಾಡಿದ್ದಾರೆ," ಎಂದರು ಚೆನ್.

ರತ್ನಮ್ಮ ತಪ್ಪು ಮಾಡುವವರಲ್ಲ ಎಂದೆ. ಸತ್ಯ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಯಾರಿಗೂ ಕಾಣದ ಗೀರೊಂದು ರತ್ನಮ್ಮನಿಗೆ ಕಂಡಿದೆ, ಯಂತ್ರಕ್ಕೆ ಕಂಡಿಲ್ಲ. ಯಂತ್ರ ನಾಪಾಸು. ಸಹಿ ಹಾಕದೆ ಊರಿಗೆ ಹೋಗಬಹುದು. ಆರು ಜನರ ಮುಖ ನೋಡಬಹುದು.

ಅದನ್ನು ಸಾಬೀತು ಮಾಡುವ ಉತ್ಸಾಹದಲ್ಲಿ ರತ್ನಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮಲ್ಲಿ ಆಗ ಬೆಳಗಿನ ಟೀ ಹೊತ್ತು.

"ಏನ್ ಮೇಡಂ, ಮುಖ ಇಳ್ದೋಗೈತೆ? ಊಟ ಸರೋಗ್ತಾ ಇಲ್ವಾ?"

"ಊಟ ಆಯ್ತು ರತ್ನಮ್ಮ. ಅರವತ್ತೊಂದನೇ ಪೀಸು ನೆನಪಿದೆಯಾ? ಒಳಗಡೆ ಗೀರು ಅಂದಿದ್ರಿ. ಇಲ್ಲಿ ಯಾರಿಗೂ ಕಾಣಿಸ್ತಿಲ್ಲ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಇದ್ರೆ ತಾನೆ ಮೇಡಂ ಕಾಣಾದು! ಅದು ಒಳ್ಳೇ ಪೀಸು. ನಾನೇ ಸೇರಿಸಿದ್ದು. ಆಡಿಟ್‌ನೋರು ಕಣ್ಬಿಟ್ಟು ನೋಡ್ತಾರೋ, ನಾವು ಬರ್ಸಿದ್ದುಕ್ಕೆ ಟಿಕ್ ಆಕ್ಕೊಂಡು ಓಯ್ತಾರೋ ನೋಡಾನ ಅಂತ. ಯಾರು ಇಡಿದಿದ್ದು? ಬಾರೀ ಕಣ್ಣು ಬಿಡಿ ಅವ್ರುದ್ದು."

ಹಿಂದೆ ಯಂತ್ರ ಇನ್ನೂ ಓಡುತ್ತಿತ್ತು.

"ಅದೇನು ನಿಮ್ ಇಂದ್ಗಡೆ ಟುಸ್ ಟುಸ್ ಅಂತೈತೆ?"

ಫೋನನ್ನು ಬೇರೆ ಕಡೆ ತಿರುಗಿಸಬಹುದಿತ್ತು. ಕಂಪ್ರೆಸರ್ ಎನ್ನಬಹುದಿತ್ತು. ಸುಳ್ಳಿನ ಮೇಲೆ ಸುಳ್ಳು ಹೇಳುವುದಕ್ಕೂ ಒಂದು ಚೈತನ್ಯ ಬೇಕು. ಫೋನನ್ನು ಯಂತ್ರದತ್ತ ತಿರುಗಿಸಿದೆ.

"ಮಿಷಿನ್ನು ರತ್ನಮ್ಮ. ಬುಷ್ ನೋಡೋ ಮಿಷಿನ್ನು."

ಅವರು ಸ್ವಲ್ಪ ಹೊತ್ತು ನೋಡಿದರು. ಗಾಜಿನ ತಟ್ಟೆಯ ಮೇಲೆ ಅವರೇ ಆರಿಸಿದ ಬುಷ್‌ಗಳು ತಿರುಗುತ್ತಿದ್ದವು.

"ಅದೇ ಇಡೀತಾ ನನ್ ಪೀಸ್ನ?"

"ಹೂಂ. ಅದೇ."

"ಆಡಿಟ್ಟು ಅಂದ್ರಿ?"

"ಆಡಿಟ್ ಅಲ್ಲ."

"ಅಂಗಾರೆ ಪಾಸಾಯ್ತು ಅದು."

"ಪಾಸಾಯ್ತು."

"ನಾವು?"

ನಾನು ಏನಾದರೂ ಹೇಳುವ ಮೊದಲೇ ಅವರ ಮುಖ ಪರದೆಯಿಂದ ಹೋಯಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ಚೆನ್ ಕುತೂಹಲದಿಂದ ಕಾಯುತ್ತಿದ್ದರು. ಯಂತ್ರದ್ದೇ ಸರಿ ಎಂದು ಹೇಳಿದೆ. ಅವರು ಚಪ್ಪಾಳೆ ತಟ್ಟಿದರು.

ಅದೇ ಸಂಜೆ: ಕಸದ ಗಾಡಿ

ಕೋಣೆಯಲ್ಲಿ ಕೂತಿದ್ದಾಗ ಕೆಳಗೆ ಬೀದಿಯಲ್ಲಿ ಪಿಯಾನೋ ಸಂಗೀತ ಕೇಳಿಸಿತು. ಐಸ್‌ಕ್ರೀಮ್ ಗಾಡಿ ಇರಬೇಕೆಂದುಕೊಂಡು ಇಳಿದುಹೋದೆ. ಏನಾದರೂ ತಣ್ಣನೆಯದು ಬೇಕೆನಿಸಿತ್ತು. ಮೂಲೆಯಲ್ಲಿ ಇಪ್ಪತ್ತು ಮೂವತ್ತು ಜನ ಕಾಯುತ್ತಿದ್ದರು. ನಾನೂ ಅವರೊಡನೆ ನಿಂತೆ. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲೂ ಕಸದ ಚೀಲ. ಹಳದಿ ಲಾರಿ ಹಾಡುತ್ತಾ ಬಂತು.

ಬೆಂಗಳೂರಿನಲ್ಲೂ ಕಸದ ಆಟೋ ಹಾಡುತ್ತದೆ. ಹಿಂದೆ ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿದ್ದಾಗ ಆ ಹಾಡು ಕೇಳಿದರೆ ಒಲೆಯ ಮೇಲಿನ ಹಾಲನ್ನೂ ಬಿಟ್ಟು ಬಕೆಟ್ಟು ಹಿಡಿದು ಓಡುತ್ತಿದ್ದೆ. ಅದು ಯಾರಿಗೂ ನಿಲ್ಲುತ್ತಿರಲಿಲ್ಲ. ಇಲ್ಲಿ ಯಾರೂ ಓಡುವುದಿಲ್ಲ. ಕಾಯುತ್ತಾ ಪರಸ್ಪರ ಕ್ಷೇಮ ವಿಚಾರಿಸುತ್ತಾರೆ. ಕಸ ಹಾಕುವ ನೆಪದಲ್ಲಿ ಊರಿನ ಕಟ್ಟೆಯೊಂದು ಹದಿನೈದು ನಿಮಿಷ ಸೇರಿ ಕರಗುತ್ತದೆ.

ನಾನು ಬರಿಗೈಯಲ್ಲಿ ನಿಂತು ಮುಜುಗರಪಡುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಬಳಿ ಎರಡು ಚೀಲಗಳಿದ್ದವು. ಒಂದನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಒಟ್ಟಿಗೆ ಹೋಗಿ ಎಸೆದೆವು. ಅವರು ಕೈ ಕೊಡವಿಕೊಂಡು, ನನ್ನ ಭುಜ ತಟ್ಟಿ ಹೋದರು.

ಕೋಣೆಗೆ ಬಂದ ಮೇಲೆ ಅಳು ಬಂತು. ಯಾಕೆಂದು ಆಗ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷ ಆ ಮೇಜಿನ ಹಿಂದೆ ನಿಂತು ನಾನೂ ಆ ಯಂತ್ರದಂತೆಯೇ ಮಾಡಿದ್ದೆನಲ್ಲ ಎಂಬುದು ಮುಖ ತೊಳೆಯುವಾಗ ಹೊಳೆಯಿತು. ಅವರ ಮಾತು, ಅವರ ಕೈ, ಅವರ ಕಣ್ಣು, ಎಲ್ಲವನ್ನೂ ನೋಡಿ ಗುರುತು ಹಾಕಿಕೊಂಡು ಒಯ್ದಿದ್ದೆ. ಅವರಿಗೆ ಹೇಳಿರಲಿಲ್ಲ.

ಮೂರನೇ ದಿನ: ಸಹಿ

ಬೆಳಗ್ಗೆ ಸಹಿಯ ಕಾಗದ ಮೇಜಿನ ಮೇಲಿತ್ತು. ಊಟವಾದ ಮೇಲೆ ಹಾಕುತ್ತೇನೆ ಎಂದೆ.

ಷುಫೆನ್ ನನ್ನನ್ನು ಹತ್ತಿರದ ಸಸ್ಯಾಹಾರಿ ಊಟದ ಮನೆಗೆ ಕರೆದೊಯ್ದರು. ಬಾಗಿಲ ಮೇಲೆ ನಮ್ಮ ಸ್ವಸ್ತಿಕವನ್ನು ಕನ್ನಡಿಯಲ್ಲಿ ನೋಡಿದಂಥ ಗುರುತು. ಬೆಂಡೆಕಾಯಿ, ಬದನೆಕಾಯಿ, ಹತ್ತು ಬಗೆಯ ಸೊಪ್ಪು. ಚೆನ್ ಬಂದಿರಲಿಲ್ಲ. ಷುಫೆನ್ ಫೋನು ತೆಗೆದು ಅದರೊಳಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಫೋನು ಹೆಣ್ಣುದನಿಯಲ್ಲಿ ಕನ್ನಡ ನುಡಿಯಿತು: "ನಿಮ್ಮ ಪಾದಗಳು ಬಹಳ ಆಯಾಸಗೊಂಡಿವೆಯೇ?"

ಪೌರಾಣಿಕ ನಾಟಕದ ಕನ್ನಡ. ಆದರೂ ಮೂರು ದಿನದಲ್ಲಿ ಯಾರಾದರೂ ನನ್ನ ಕಾಲಿನ ಬಗ್ಗೆ ಕೇಳಿದ್ದು ಅದೇ ಮೊದಲು. ಹೌದು ಎಂದೆ. ಆಮೇಲೆ ಆ ಫೋನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ರತ್ನಮ್ಮ, ಆಡಿಟ್ ಎಂಬ ಸುಳ್ಳು, ಆರು ಜನ.

ಷುಫೆನ್ ಕೇಳಿಸಿಕೊಂಡು ಕನ್ನಡಕ ತೆಗೆದರು. ಅವರ ಮಾತನ್ನು ಫೋನು ತುಂಡುತುಂಡಾಗಿ ಹೇಳಿತು. "ನಾವು ಎಂಟು ಮಹಿಳೆಯರು ಇದ್ದೆವು. ನಾವು ಯಂತ್ರಕ್ಕೆ ಬೋಧಿಸಿದೆವು. ಅದರೊಳಗೆ ಎಂಟು ಜನರ ಕಣ್ಣು ಇದೆ. ಈಗ ನಾನು ಒಬ್ಬಳು." ಆಮೇಲೆ: "ನಾವು ಸಹಿಯ ನಂತರ ಕೇಳಿದೆವು. ಸಹಿಯ ನಂತರ ಯಾರೂ ಆಲಿಸುವುದಿಲ್ಲ. ನೀವು ಮುಂಚಿತವಾಗಿ ಕೇಳಿರಿ."

ಊಟದ ಮನೆಯ ಹೊರಗಿನ ಬೆಂಚಿನ ಮೇಲೆ ಕೂತು ಎಂ.ಡಿ.ಗೆ ಫೋನ್ ಮಾಡಿದೆ. ಯಂತ್ರ ಪಾಸಾಗಿದೆ ಎಂದೆ. ಅವರು ಸಂತೋಷಪಟ್ಟರು. ಸಹಿಗೆ ಮುಂಚೆ ಎರಡು ಮಾತು ಎಂದೆ. ಯಂತ್ರಕ್ಕೆ ಕಲಿಸುವ ಕೆಲಸ ನಮ್ಮ ಹೆಂಗಸರದೇ ಆಗಬೇಕು. ಈ ಕಾರಣಕ್ಕೆ ಆರು ಜನರಲ್ಲಿ ಯಾರನ್ನೂ ತೆಗೆಯಬಾರದು.

"ಆರೂ ಜನಾನ ಇಟ್ಕೊಂಡ್ರೆ ಮಿಷಿನ್ ಯಾಕ್ ಬೇಕು ಮೇಡಂ? ಇದು ಕಥೆ ಅಲ್ಲ, ಬಿಸಿನೆಸ್ಸು."

"ಕಥೆ ಬರೆಯೋದು ಬಿಟ್ಟು ಎರಡು ವರ್ಷ ಆಯ್ತು ಸಾರ್. ನನ್ನಿಂದ ಆಗಲ್ಲ. ನಾಳೆ ನೀವೇ ಬಂದು ಸಹಿ ಮಾಡಿ."

ಇಷ್ಟು ವರ್ಷದಲ್ಲಿ ಅವರೆದುರು ಹೀಗೆ ಮಾತಾಡಿದ್ದಿಲ್ಲ. ಧೈರ್ಯದಿಂದ ಆಡಿದ್ದೆಂದು ಹೇಳಿಕೊಳ್ಳಲಾರೆ. ಮೆದುವಾಗಿ ಮಾತಾಡುವ ಶಕ್ತಿ ಉಳಿದಿರಲಿಲ್ಲ. ಅವರು ಫೋನಿಟ್ಟರು. ಅರ್ಧ ಗಂಟೆಯ ಮೇಲೆ ಅವರೇ ಮಾಡಿದರು. ಇಬ್ಬರು ಯಂತ್ರಕ್ಕೆ ಕಲಿಸಲು, ಮೂವರು ಪ್ಯಾಕಿಂಗಿಗೆ. ಕಾಂಟ್ರಾಕ್ಟ್ ಮೇಲಿರುವ ಪವಿತ್ರಾಳನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಪವಿತ್ರಾಳಿಗಾಗಿ ಮತ್ತೆ ಮತ್ತೆ ಕೇಳಿದೆ. ಆಗಲಿಲ್ಲ. ಉಳಿದದ್ದನ್ನು ಬರೆದು ಕಳಿಸಿ ಎಂದೆ. ಮೆಸೇಜು ಬಂತು. ಒಳಗೆ ಹೋಗಿ ಸಹಿ ಹಾಕಿದೆ. ನನ್ನ ಹೆಸರು ಅಷ್ಟು ಭಾರವಾಗಿ ಯಾವತ್ತೂ ಕೈಗೆ ಬಂದಿರಲಿಲ್ಲ.

ಹೊರಡುವಾಗ ಷುಫೆನ್ ಫೋನು ಬಳಸಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, ತಮ್ಮ ಭಾಷೆಯಲ್ಲೇ ಬಹಳ ಹೊತ್ತು ಏನೋ ಹೇಳಿದರು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ.

ಮತ್ತೆ ಪೀಣ್ಯ

ಬಂದ ಮರುದಿನ ಮೇಜಿನ ಮುಂದೆ ಐದು ಜನ ಇದ್ದರು. ರತ್ನಮ್ಮ ಇರಲಿಲ್ಲ. ನಾನು ಫೋನ್ ಮಾಡಿದ ದಿನ ಮಧ್ಯಾಹ್ನವೇ ಮನೆಗೆ ಹೋದವರು ಬಂದೇ ಇಲ್ಲವಂತೆ. ಉಳಿದವರಿಗೆ ಎಲ್ಲವನ್ನೂ ಹೇಳಿದೆ. ಯಂತ್ರ ಹಡಗಿನಲ್ಲಿ ಬರಲು ಎರಡು ತಿಂಗಳು ಬೇಕು, ಅಷ್ಟರಲ್ಲಿ ಪವಿತ್ರಾ ಬೇರೆ ಕಡೆ ನೋಡಿಕೊಳ್ಳಬೇಕು ಎಂದೂ ಹೇಳಿದೆ. ಯಾರೂ ಬೈಯಲಿಲ್ಲ. ಪವಿತ್ರಾ ಕೈಲಿದ್ದ ಟ್ರೇ ಮುಗಿಸಿ, ಬಾತ್‌ರೂಮಿಗೆ ಹೋಗಿಬಂದು ಮತ್ತೆ ಕೂತಳು. ಈಗ ಅವಳಿಗೆ ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದೆ. ಊರಿನ ಈ ತುದಿಯಿಂದ ಹಸಿರು ಮೆಟ್ರೋ, ನಡುವೆ ಇಳಿದು ಹಳದಿ ಮೆಟ್ರೋ, ಆ ತುದಿಯಿಂದ ಬಸ್ಸು. 'ಪರವಾಗಿಲ್ಲ ಮೇಡಂ, ಕೂತ್ಕೊಂಡ್ರೆ ಒಳ್ಳೆ ನಿದ್ದೆ ಬರುತ್ತೆ' ಎನ್ನುತ್ತಾಳೆ. ಅದು ಸಮಾಧಾನದ ಮಾತಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಭಾನುವಾರ ಬೆಳಗ್ಗೆ ರತ್ನಮ್ಮನ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. 'ಬನ್ನಿ' ಎನ್ನಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟರು. ಕೂತೆ. ಬಾಡಿಗೆಯವರ ನಲ್ಲಿಯಲ್ಲಿ ಯಾರೋ ಬಟ್ಟೆ ಹಿಂಡುತ್ತಿದ್ದರು.

"ತಪ್ಪಾಯ್ತು ರತ್ನಮ್ಮ. ನಿಮ್ಮ ಹತ್ರ ಸುಳ್ಳು ಹೇಳಿ ಆರಿಸ್ಕೊಂಡೆ."

ಅ‌ವರು ಕಾಯಿ ಸುಲಿಯುತ್ತಲೇ ಇದ್ದರು. ಆಮೇಲೆ ಹೇಳಿದರು:

"ನಿಜ ಯೋಳಿದ್ರೂ ಆರ್ಸಿ ಕೊಡ್ತಿದ್ದೆ ಮೇಡಂ. ಅದೇ ನಂಗೆ ಬೇಜಾರು."

ನಾನೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ. ಯಂತ್ರಕ್ಕೆ ಕಲಿಸುವವರು ಬೇಕು, ಆ ಎರಡು ಜಾಗದಲ್ಲಿ ಒಂದು ನಿಮಗೆ ಎಂದು ಹೇಳಿದೆ. ಅವರು ಮತ್ತೊಂದು ಕಾಯಿ ಎತ್ತಿಕೊಂಡರು. ಆಮೇಲೆ, ಯಾಕೆ ಹೇಳಿದೆನೋ ಗೊತ್ತಿಲ್ಲ, ನಾನು ಕಥೆ ಬರೆಯುತ್ತೇನೆ, ನಿಮ್ಮಗಳ ಮಾತನ್ನೆಲ್ಲ ಕದ್ದು ಬರೆಯುತ್ತೇನೆ ಎಂದೂ ಹೇಳಿದೆ. ಈಗ ಒಂದು ಕಥೆ ಬರುತ್ತಿದೆ, ಅದರಲ್ಲಿ ನೀವಿದ್ದೀರಿ, ಈ ಸಲ ಕೇಳಿಯೇ ಬರೆಯಬೇಕು ಅಂತ ಬಂದೆ ಎಂದೆ.

"ಏನೈತೆ ಅದ್ರಾಗೆ?"

ಹೇಳಿದೆ. ದೂರದ ಒಂದು ಗ್ರಹ. ಅಲ್ಲಿನ ಹೆಂಗಸೊಬ್ಬಳಿಗೆ ಎಂಥ ಸಣ್ಣ ತಪ್ಪೂ ಕಾಣುತ್ತದೆ. ಅಲ್ಲಿನ ಯಂತ್ರಗಳಿಗೆ ಕಣ್ಣು ಬೇಕು. ಅವಳನ್ನು ಕೇಳದೆ ಅವಳ ನೋಟವನ್ನು ತೆಗೆದುಕೊಂಡು ಯಂತ್ರಗಳಿಗೆ ಕೊಡುತ್ತಾರೆ. ಗೊತ್ತಾದ ದಿನ ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ನಿಂತಿದೆ ಎಂದೆ.

ರತ್ನಮ್ಮ ಮೊರದಲ್ಲಿದ್ದ ಕಾಳುಗಳನ್ನು ಕೈಯಾಡಿಸಿ ನೋಡಿದರು.

"ಆಮ್ಯಾಕೆ ಅವ್ಳು ವಾಪಸ್ ಕೆಲ್ಸಕ್ಕೆ ಓಯ್ತಾಳಾ?"

"ಗೊತ್ತಿಲ್ಲ ರತ್ನಮ್ಮ. ಹೊಳೀತಿಲ್ಲ."

ಅವರು ಸಿಪ್ಪೆಗಳನ್ನು ಸೆರಗಿನಿಂದ ಕೊಡವಿ ಎದ್ದರು. ಒಳಗೆ ಹೋಗುತ್ತಾ, ನನ್ನ ಕಡೆ ತಿರುಗದೆ ಹೇಳಿದರು:

"ಓಯ್ತಾಳೆ ಅಂತ ಬರ್ಕಳಿ."

ಸೋಮವಾರ ಎಂಟೂವರೆಗೆ ಅವರು ಮೇಜಿನ ಮುಂದೆ ಕೂತಿದ್ದರು.